ಹೊರಬರುವ ದಾರಿ: ರೆಮಾರ್ಕನ ಎರಡು ಯುದ್ಧ ಕಾದಂಬರಿಗಳು

ಹಿಂದೆ ನಮ್ಮ ಮನೆಗಳಿಗೆ ಬರುತ್ತಿದ್ದ ಕಾಗದಗಳೆಲ್ಲ ‘ಉಭಯ ಕುಶಲೋಪರಿ ಸಾಂಪ್ರತ’ ಎಂದು ಮೊದಲಾಗಿ ‘ಇತ್ತ ವಿಶೇಷವೇನೂ ಇಲ್ಲ’ ಎಂದು ಮುಗಿಯುತ್ತಿದ್ದುದನ್ನು ಹಿರಿಯ ವಾಚಕರು ಬಲ್ಲರು. ಬರೆಯುವವನ ಹೊಲದಲ್ಲಿ ಬೆಳೆ ಕೆಟ್ಟಿರಲಿ, ಮನೆಯಲ್ಲಿ ಸಾಲ ಏರಿರಲಿ, ಆ ಮಾತು ಮಾತ್ರ ತಪ್ಪುತ್ತಿರಲಿಲ್ಲ. ಜರ್ಮನ್ ಗ್ರಂಥಕರ್ತನಾದ ಎರಿಕ್ ಮರಿಯಾ ರೆಮಾರ್ಕನ ಪ್ರಸಿದ್ಧ ಕಾದಂಬರಿಯ ಹೆಸರನ್ನು ಮೂಲಾನುಸಾರವಾಗಿ ಕನ್ನಡಿಸಿದರೆ ಹೆಚ್ಚುಕಡಮೆ ಇದೇ ಮಾತಾಗುತ್ತದೆ: ‘ಪಶ್ಚಿಮದಲ್ಲಿ ವಿಶೇಷವೇನೂ ಇಲ್ಲ’. ಇಂಗ್ಲಿಷಿನಲ್ಲಿ ಅದು ‘ಆಲ್ ಕ್ವಯಟ್ ಆನ್ ದಿ ವೆಸ್ಟರ್ನ್ ಫ್ರಂಟ್’ ಎಂದಾಗಿದೆ. ಇಂಗ್ಲಿಷ್ ಹೆಸರು ಕಿವಿಗೆ ಇಂಪಾದುದಾದರೂ ಅರ್ಥದಲ್ಲಿ ಕೊಂಚ ಮೃದುವಾಯಿತೆಂದು ನನಗೆ ತೋರುತ್ತದೆ. ಅಂದು ರಣರಂಗವು ಶಾಂತವಾಗಿತ್ತೆಂಬುದು ಒಂದು ಮಾತು. ಅಂದು ಸತ್ತ ಹುಡುಗನ ಸಾವು ಸುದ್ದಿಯೇ ಅಲ್ಲವೆಂಬುದು ಮತ್ತೊಂದು ಮಾತು. ಗ್ರಂಥದ ಇಂಗಿತವು ಎರಡನೆಯದು.

ಸಂಸ್ಕೃತ ಪಾಠಶಾಲೆಯಲ್ಲಿ ಓದಿ, ಹೈಸ್ಕೂಲಿನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಕನ್ನಡ ಪಂಡಿತನಾಗಿದ್ದ ನನ್ನಂಥವನು ಜರ್ಮನ್ ಕಾದಂಬರಿಯನ್ನು ವಿಮರ್ಶಿಸಹೊರಟುದು ಸಾಹಸವೆನಿಸಬಹುದು. ನಾನು ಓದಿರುವುದು ಮೂಲವನ್ನಲ್ಲ, ಎ. ಡಬ್ಲ್ಯು. ವೀನ್ ಎಂಬ ಆಸ್ಟ್ರೇಲಿಯದವನ ಇಂಗ್ಲಿಷ್ ಭಾಷಾಂತರವನ್ನು. ಈತನೂ ಅದೇ ಯುದ್ಧದಲ್ಲಿ ಎದುರು ಪಕ್ಷದ ಸಿಪಾಯಿಯಾಗಿ ಕಾದಾಡಿ ಗಾಯಗೊಂಡು ಪದಕಗಳನ್ನು ಪಡೆದವನು. ಶತ್ರುವಿನ ಪುಸ್ತಕವನ್ನು ಶತ್ರುವೇ ತನ್ನ ಭಾಷೆಗೆ ತಂದನೆಂಬುದು ಗ್ರಂಥದ ಸತ್ಯಕ್ಕೆ ದೊರೆತ ಮೊದಲ ಸಾಕ್ಷಿ. ಆದರೂ ನಾನು ಲೇಖನಿಯನ್ನು ಹಿಡಿಯಲು ಕಾರಣ ಬೇರೆ. ಈ ಗ್ರಂಥದಲ್ಲಿ ಒಬ್ಬ ಉಪಾಧ್ಯಾಯನಿದ್ದಾನೆ. ಅವನ ಮೇಲೊಂದು ಆರೋಪವಿದೆ. ಆ ಆರೋಪವನ್ನು ಓದಿದ ಮೇಲೆ ಮತ್ತೊಬ್ಬ ಉಪಾಧ್ಯಾಯನು ಸುಮ್ಮನಿರುವುದು ಸರಿಯಲ್ಲವೆನಿಸಿತು.

ಮೊದಲು ಕವಿಯ ವೃತ್ತಾಂತವನ್ನು ಸಂಕ್ಷೇಪವಾಗಿ ಹೇಳುವೆನು. ರೆಮಾರ್ಕನು 1898ರ ಜೂನ್ 22ರಂದು ಓಸ್ನಾಬ್ರೂಕ್ ಎಂಬ ಪಟ್ಟಣದಲ್ಲಿ ಹುಟ್ಟಿದನು. ಉಪಾಧ್ಯಾಯವೃತ್ತಿಗೆ ಸಿದ್ಧನಾಗುತ್ತಿದ್ದ ಆತನನ್ನು 1916ರ ನವೆಂಬರಿನಲ್ಲಿ ಸೈನ್ಯಕ್ಕೆ ಕರೆಯಲಾಯಿತು. ಆಗ ಆತನಿಗೆ ಹದಿನೆಂಟು ವರ್ಷ. 1917ರ ಜೂನಿನಲ್ಲಿ ಪಶ್ಚಿಮ ರಣರಂಗಕ್ಕೆ ಹೋದನು. ಜುಲೈ 31ರಂದು ಫಿರಂಗಿಗುಂಡಿನ ಚೂರುಗಳು ಕಾಲಿಗೂ ತೋಳಿಗೂ ಕತ್ತಿಗೂ ತಗುಲಿ ಆಸ್ಪತ್ರೆ ಸೇರಿದವನು ಯುದ್ಧದ ಉಳಿದ ಕಾಲವನ್ನು ಬಹುಮಟ್ಟಿಗೆ ಅಲ್ಲಿಯೇ ಕಳೆದನು. ಅದೇ ವರ್ಷ ತಾಯಿಯು ಅರ್ಬುದರೋಗದಿಂದ ತೀರಿಕೊಂಡಳು. ತಂದೆತಾಯಿಗಳಿಟ್ಟ ಹೆಸರಿನಲ್ಲಿದ್ದ ಪಾಲ್ ಎಂಬುದನ್ನು ಬಿಟ್ಟು ತಾಯಿಯ ನೆನಪಿಗಾಗಿ ಮರಿಯಾ ಎಂಬುದನ್ನು ಇಟ್ಟುಕೊಂಡನು. ಬಿಟ್ಟ ಹೆಸರನ್ನು ತನ್ನ ಕಥಾನಾಯಕನಿಗೆ ಕೊಟ್ಟನು. ಯುದ್ಧಾನಂತರ ಕೆಲವು ಕಾಲ ಹಳ್ಳಿಗಳಲ್ಲಿ ಪ್ರಾಥಮಿಕ ಶಾಲೆಯ ಉಪಾಧ್ಯಾಯನಾಗಿದ್ದನು. ಕಾದಂಬರಿಯು 1928ರ ನವೆಂಬರಿನಿಂದ ಬರ್ಲಿನಿನ ಒಂದು ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು, 1929ರ ಜನವರಿಯಲ್ಲಿ ಪುಸ್ತಕವಾಯಿತು. ಒಂದೂವರೆ ವರ್ಷದೊಳಗೆ ಹಲವು ಭಾಷೆಗಳಲ್ಲಿ ಇಪ್ಪತ್ತೈದು ಲಕ್ಷ ಪ್ರತಿಗಳು ಮಾರಾಟವಾದುವು.

ಕಥೆಯೆಂಬುದು ಇದರಲ್ಲಿ ಅಲ್ಪ. ಪಾಲ್ ಬೋಯ್ಮರ್ ಎಂಬ ಹುಡುಗನೂ ಆತನ ಸಹಪಾಠಿಗಳೂ ಕಾಂಟೊರೆಕ್ ಎಂಬ ಉಪಾಧ್ಯಾಯನ ಭಾಷಣಗಳಿಗೆ ಮರುಳಾಗಿ, ಅವನ ಹಿಂದೆಯೇ ಸಾಲಾಗಿ ಹೋಗಿ ಸೈನ್ಯಕ್ಕೆ ಹೆಸರು ಕೊಡುತ್ತಾರೆ. ಹಿಂದೆಗೆದವನು ಬೇಮ್ ಎಂಬ ಹುಡುಗನೊಬ್ಬನೇ. ಅವನೂ ನಾಚಿಕೆಗೆ ಅಂಜಿ ಕೊನೆಗೆ ಒಪ್ಪುತ್ತಾನೆ. ಮೊದಮೊದಲು ಬಿದ್ದವರಲ್ಲಿ ಅವನೊಬ್ಬನು. ಗ್ರಂಥಾರಂಭದಲ್ಲಿ ಒಂದು ದಳಕ್ಕೆ ಹೊಟ್ಟೆ ತುಂಬ ಊಟ ದೊರೆಯುತ್ತದೆ: ಅಡಿಗೆಯಾದುದು 150 ಜನರಿಗೆ, ಹಿಂದಿರುಗಿದವರು 80 ಮಂದಿ. ಹುಡುಗರು ಸಂತೋಷದಿಂದ ಎರಡು ಪಾಲು ಉಣ್ಣುತ್ತಾರೆ. ಬಳಿಕ ಒಬ್ಬೊಬ್ಬರಾಗಿ ಹೆಚ್ಚಿನವರು ಸಾಯುತ್ತಾರೆ. 1918ರ ಅಕ್ಟೋಬರಿನಲ್ಲಿ, ಯುದ್ಧವು ಮುಗಿಯಲು ಕೆಲವೇ ವಾರಗಳಿರುವಾಗ, ಪಾಲನೂ ಬೀಳುತ್ತಾನೆ. ಅಂದಿನ ಸೇನಾವರದಿಯಲ್ಲಿದ್ದ ಒಂದೇ ವಾಕ್ಯವೇ ಗ್ರಂಥದ ಹೆಸರು. ಆ ಯುದ್ಧದಲ್ಲಿ ಜರ್ಮನ್ ಸೈನ್ಯವೊಂದರಿಂದಲೇ ಸುಮಾರು 20 ಲಕ್ಷ ಮಂದಿ ಸತ್ತರೆಂಬುದನ್ನು ನೆನೆದರೆ, ಒಬ್ಬನ ಸಾವು ವರದಿಗೆ ಏಕೆ ನಿಲುಕಲಿಲ್ಲವೆಂಬುದು ತಿಳಿಯುತ್ತದೆ.

ಈ ಯುದ್ಧವು ಕೇವಲ ಪರರದೆಂದು ನಾವು ತಿಳಿಯಬೇಕಾದುದಿಲ್ಲ. ಅದೇ ಪಶ್ಚಿಮ ರಣರಂಗದಲ್ಲಿ, 1915ರ ಮಾರ್ಚಿಯಲ್ಲಿ, ನವ್ ಶಪೆಲ್ ಎಂಬ ಹಳ್ಳಿಯ ಬಳಿ ಭಾರತದ ಸಿಪಾಯಿಗಳು ಜರ್ಮನರೊಡನೆ ಹೋರಾಡಿದರು. ಪಾಲನು ಬಿದ್ದನೆಂದು ಕವಿಯು ಹೇಳುವ ತಿಂಗಳಿಗೆ ತುಸು ಮುಂಚೆ, 1918ರ ಸೆಪ್ಟೆಂಬರ್ 23ರಂದು, ಮೈಸೂರು ಸಂಸ್ಥಾನದ ಅಶ್ವದಳದವರು ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ಗೆದ್ದವರೊಳಗಿದ್ದರು. ಅವರಿಗೆ ಸ್ಮಾರಕವಿದೆ, ಹಿಂದಿರುಗಿದ ಮೇಲೆ ಅವರು ಮನೆಯ ಜಗಲಿಯಲ್ಲಿ ಏನು ಹೇಳಿದರು, ಏನು ಹೇಳದೆ ಹೋದರು ಎಂಬುದನ್ನು ಕನ್ನಡಕ್ಕೆ ಕೊಡಲು ರೆಮಾರ್ಕನಂಥವನೊಬ್ಬನು ಆಗ ನಮ್ಮಲ್ಲಿರಲಿಲ್ಲ.

ಈ ಗ್ರಂಥವನ್ನು ಹೊಗಳುವವರು ಸಾಮಾನ್ಯವಾಗಿ ಅದರ ರಣವರ್ಣನೆಯನ್ನು ಎತ್ತಿ ಹೇಳುತ್ತಾರೆ. ವಿಷವಾಯು, ಇಲಿಗಳು, ಗಾಯಗೊಂಡ ಕುದುರೆಗಳ ಕೂಗು, ಇವೆಲ್ಲ ಮರೆಯತಕ್ಕವಲ್ಲ. ಆದರೆ ನನ್ನ ಅಭಿಪ್ರಾಯದಲ್ಲಿ ಗ್ರಂಥದ ಜೀವಸ್ಥಾನವು ರಣರಂಗದಲ್ಲಿಲ್ಲ, ಪಾಲನು ರಜೆಯ ಮೇಲೆ ಊರಿಗೆ ಬರುವ ಅಧ್ಯಾಯದಲ್ಲಿದೆ. ಅಲ್ಲಿ ಗುಂಡಿನ ಸದ್ದಿಲ್ಲ. ಹಳೆಯ ಉಪಾಧ್ಯಾಯನೊಬ್ಬನು ಪಾಲನನ್ನು ಗೋಷ್ಠಿಯೊಂದಕ್ಕೆ ಎಳೆದೊಯ್ಯುತ್ತಾನೆ. ರಣದ ಕಥೆಗಳನ್ನು ಕೇಳಲು ಎಲ್ಲರಿಗೂ ಆಶೆ. ಶಾಲೆಯ ಹಿರಿಯ ಉಪಾಧ್ಯಾಯನೊಬ್ಬನು ಯಾವ ಯಾವ ಸೀಮೆಗಳನ್ನು ವಶಪಡಿಸಿಕೊಳ್ಳಬೇಕೆಂದು ವಿವರಿಸಿ, ನೀನು ನಿನ್ನ ಒಂದು ಮೂಲೆಯನ್ನು ಮಾತ್ರ ಕಂಡಿರುವೆ, ಸಮಗ್ರವನ್ನು ಬಲ್ಲವರು ನಾವು ಎಂಬಂತೆ ಹುಡುಗನಿಗೇ ಯುದ್ಧವನ್ನು ಕಲಿಸುತ್ತಾನೆ. ತಾಯಿಯೊಬ್ಬಳೇ ಏನನ್ನೂ ಹೆಚ್ಚಾಗಿ ಕೇಳುವುದಿಲ್ಲ. ಹೊರಡುವ ಹಿಂದಿನ ರಾತ್ರಿ, ತಾನು ರೋಗದಿಂದ ನರಳುತ್ತಿದ್ದರೂ, ಮಗನ ಹಾಸಿಗೆಯ ಬಳಿ ಬಹಳ ಹೊತ್ತು ಕುಳಿತಿರುತ್ತಾಳೆ. ಪಾಲನು ತನ್ನ ಕೊಠಡಿಯಲ್ಲಿ ಹಿಂದೆ ಪ್ರೀತಿಯಿಂದ ಕೂಡಿಟ್ಟ ಪುಸ್ತಕಗಳನ್ನು ಒಂದೊಂದಾಗಿ ತೆಗೆದು ನೋಡುತ್ತಾನೆ, ಅವು ಮಾತನಾಡುವುದಿಲ್ಲ. ಸತ್ತ ಗೆಳೆಯನ ತಾಯಿಗೆ, ಅವನು ನೋವಿಲ್ಲದೆ ಕ್ಷಣದಲ್ಲಿ ಸತ್ತನೆಂದು ಆಣೆಯಿಟ್ಟು ಸುಳ್ಳು ಹೇಳುತ್ತಾನೆ. ರಜೆಗೆ ಬರಲೇಬಾರದಿತ್ತೆಂದು ಕೊರಗುತ್ತ ಹಿಂದಿರುಗುತ್ತಾನೆ.

ಯುದ್ಧವು ಅಂಗಾಂಗಗಳನ್ನು ಕತ್ತರಿಸುತ್ತದೆಂಬುದು ಎಲ್ಲರಿಗೂ ತಿಳಿದ ಮಾತು. ಅದು ಮಾತನ್ನು ಕತ್ತರಿಸುತ್ತದೆಂಬುದನ್ನು ಈ ಅಧ್ಯಾಯದಷ್ಟು ಸ್ಪಷ್ಟವಾಗಿ ತೋರಿಸಿದ ಬರಹವನ್ನು ನಾನು ಬೇರೆ ಓದಿಲ್ಲ. ಹಿರಿಯರಲ್ಲಿ ಮಾತು ಹೇರಳವಾಗಿದೆ, ಅನುಭವವಿಲ್ಲ. ಕಿರಿಯನಲ್ಲಿ ಅನುಭವ ಹೇರಳವಾಗಿದೆ, ಮಾತಿಲ್ಲ. ಹಿರಿಯರು ಕೊಟ್ಟಿದ್ದ ಮಾತುಗಳೆಲ್ಲ ರಣದಲ್ಲಿ ಸುಳ್ಳಾದ ಕಾರಣ, ಅವರೊಡನೆ ಆಡಲು ಅವನಲ್ಲಿ ಮಾತೇ ಉಳಿದಿಲ್ಲ. ಇದೇ ಕಾಂಟೊರೆಕನ ಮೇಲಿನ ನಿಜವಾದ ಆರೋಪ. ಅವನು ದುಷ್ಟನಲ್ಲ, ತಾನು ತೂಗಿ ನೋಡದ ಮಾತುಗಳನ್ನು ಹುಡುಗರ ಕೈಗೆ ಕೊಟ್ಟವನು.

ಇಲ್ಲಿ ನನ್ನ ಸ್ವಂತ ಸಂಗತಿಯೊಂದನ್ನು ಹೇಳಲು ವಾಚಕರು ಅಪ್ಪಣೆ ಕೊಡಬೇಕು. ನನ್ನ ಶಿಷ್ಯನೊಬ್ಬನು ಸೈನ್ಯ ಸೇರಿ 1999ರ ಕಾರ್ಗಿಲ್ ಯುದ್ಧದಲ್ಲಿದ್ದು, ಮರುವರ್ಷ ರಜೆಯ ಮೇಲೆ ಊರಿಗೆ ಬಂದನು. ಶಾಲೆಯಲ್ಲಿ ಸನ್ಮಾನವಾಯಿತು. ಸ್ವಾಗತ ಭಾಷಣವು ನನ್ನ ಪಾಲಿಗೆ ಬಂದಿತು. ನಾನು ಅವನನ್ನು ಅಭಿಮನ್ಯುವಿಗೆ ಹೋಲಿಸಿ ಅರ್ಧ ಗಂಟೆ ಮಾತನಾಡಿದೆನು, ಸಭೆಯು ಮೆಚ್ಚಿತು. ಎದುರಿಗೆ ಜೀವಂತನಾಗಿ ಕುಳಿತ ಹುಡುಗನನ್ನು ಸತ್ತ ಹುಡುಗನಿಗೆ ಹೋಲಿಸುತ್ತಿರುವೆನೆಂಬ ಎಚ್ಚರವು ನನಗಿರಲಿಲ್ಲ. ಮಕ್ಕಳಿಗೆ ನಾಲ್ಕು ಮಾತು ಹೇಳೆಂದು ಅವನನ್ನು ಎಬ್ಬಿಸಿದೆನು. ಅವನು ಎದ್ದು ನಿಂತು, ‘ಅಲ್ಲಿ ಬಹಳ ಚಳಿ’ ಎಂದು ಹೇಳಿ ಕುಳಿತುಬಿಟ್ಟನು. ಸಂಜೆ ಮನೆಗೆ ಬಂದವನು ಒಂದು ಗಂಟೆಯ ಕಾಲ ಜಗಲಿಯ ಮೇಲೆ ಕುಳಿತು, ಶಾಲೆಯ ಹಿಂದಿನ ಹೊಂಗೆಮರವನ್ನು ಏಕೆ ಕಡಿದರೆಂದು ಮಾತ್ರ ಕೇಳಿದನು. ನಾನಾದರೋ ಮತ್ತೆ ಮತ್ತೆ ಶತ್ರುಗಳ ವಿಚಾರವನ್ನೇ ಕೆದಕಿದೆನು. ಅವನು ನಕ್ಕು, ಕಾಲು ಮುಟ್ಟಿ ನಮಸ್ಕರಿಸಿ ಹೊರಟುಹೋದನು. ಅನಂತರ ಬಹು ವರ್ಷ ನಮ್ಮ ಮನೆಗೆ ಬರಲಿಲ್ಲ. ಏಕೆಂಬುದು ರೆಮಾರ್ಕನ ಆ ಅಧ್ಯಾಯವನ್ನು ಓದುವ ತನಕ ನನಗೆ ತಿಳಿಯಲಿಲ್ಲ.

ಇನ್ನು ಗ್ರಂಥದ ರಸವಿಚಾರ. ಯುದ್ಧದ ಕಥೆಯೆಂದೊಡನೆ ವೀರರಸವನ್ನು ನಿರೀಕ್ಷಿಸುವುದು ನಮ್ಮ ಅಭ್ಯಾಸ. ವೀರಕ್ಕೆ ಉತ್ಸಾಹವು ಸ್ಥಾಯಿ. ಈ ಕಾದಂಬರಿಯಾದರೋ ಉತ್ಸಾಹವು ಸತ್ತ ಮೇಲೆ ಆರಂಭವಾಗುತ್ತದೆ. ಬೀಭತ್ಸವು ಹೆಜ್ಜೆಹೆಜ್ಜೆಗೂ ಇದ್ದರೂ ಅದು ಅಂಗವೇ ಹೊರತು ಅಂಗಿಯಲ್ಲ. ಹಾಗಾದರೆ ಕರುಣವೆ? ಅಹುದು, ಆದರೆ ವಿಲಕ್ಷಣವಾದ ಕರುಣ. ಶೋಕಕ್ಕೆ ಶೋಕಿಸುವ ಆಶ್ರಯನೊಬ್ಬನು ಬೇಕಷ್ಟೆ. ಇಲ್ಲಿ ಅಳಲು ಯಾರಿಗೂ ಬಿಡುವಿಲ್ಲ. ಕೆಮ್ಮೆರಿಕ್ ಎಂಬ ಹುಡುಗನು ಕಾಲು ಕಳೆದುಕೊಂಡು ಆಸ್ಪತ್ರೆಯಲ್ಲಿ ಸಾಯುತ್ತಿರುವಾಗ, ಗೆಳೆಯನಾದ ಮುಲ್ಲರನ ಕಣ್ಣು ಅವನ ಒಳ್ಳೆಯ ಬೂಟುಗಳ ಮೇಲಿದೆ. ಇದು ಕ್ರೌರ್ಯವಲ್ಲ, ಕಾಲಿಲ್ಲದವನಿಗೆ ಬೂಟಿನಿಂದ ಫಲವಿಲ್ಲ, ಕಾಲಿದ್ದವನಿಗೆ ಅದರಿಂದ ಜೀವ ಉಳಿಯಬಹುದು. ಬೂಟುಗಳು ಮುಲ್ಲರನಿಗೆ ಬರುತ್ತವೆ. ಅವನು ಸತ್ತ ಮೇಲೆ ಪಾಲನಿಗೆ ಬರುತ್ತವೆ. ಕವಿಯು ‘ಅಯ್ಯೋ’ ಎಂಬ ಒಂದು ಮಾತನ್ನೂ ಆಡುವುದಿಲ್ಲ. ಆ ಬೂಟುಗಳ ಪ್ರಯಾಣವೇ ಎಲ್ಲವನ್ನೂ ಧ್ವನಿಸುತ್ತದೆ. ಪಾತ್ರಗಳು ಅಳಲಾರದ ಅಳುವು ಓದುಗನ ಪಾಲಿಗೆ ಬರುತ್ತದೆ. ಶೋಕವು ವಾಚ್ಯವಾಗದೆ ವ್ಯಂಗ್ಯವಾದಾಗಲೇ ಸಹೃದಯನನ್ನು ಹೆಚ್ಚು ತಟ್ಟುವುದೆಂಬ ನಮ್ಮ ಆಲಂಕಾರಿಕರ ಮತಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಇದೇ ಯುದ್ಧವನ್ನು ವೀರವಾಗಿ ಕಂಡವರೂ ಉಂಟು. ಎರ್ನ್ಸ್ಟ್ ಯೂಂಗರನೆಂಬ ಜರ್ಮನ್ ಅಧಿಕಾರಿಯು 1920ರಲ್ಲಿ ಪ್ರಕಟಿಸಿದ ‘ಉಕ್ಕಿನ ಬಿರುಗಾಳಿಗಳಲ್ಲಿ’ ಎಂಬರ್ಥದ ಹೆಸರಿನ ಗ್ರಂಥದಲ್ಲಿ ರಣವು ಪುರುಷನ ಸತ್ವವನ್ನು ಒರೆಗೆ ಹಚ್ಚುವ ಅಗ್ನಿಪರೀಕ್ಷೆಯಾಗಿ ಕಾಣುತ್ತದೆ. ಆತನು ಅನೇಕ ಸಲ ಗಾಯಗೊಂಡು, ರಾಷ್ಟ್ರದ ಅತ್ಯುಚ್ಚ ಪದಕವನ್ನು ಪಡೆದವನು. ರೆಮಾರ್ಕನು ರಣರಂಗದಲ್ಲಿದ್ದುದು ಕೆಲವೇ ವಾರಗಳೆಂದು ಆತನ ವಿರೋಧಿಗಳು ಹೀಯಾಳಿಸಿದರು. ಕಾವ್ಯದ ಯೋಗ್ಯತೆಯನ್ನು ದಿನಗಳ ಲೆಕ್ಕದಿಂದ ಅಳೆಯಲಾಗದು. ಆದರೂ ಎರಡನ್ನೂ ಓದಿದವನಿಗೆ ಯುದ್ಧವು ಎಲ್ಲರಿಗೂ ಒಂದೇ ಬಗೆಯಾಗಿ ತೋರುವುದಿಲ್ಲವೆಂಬ ಅರಿವು ಬರುತ್ತದೆ. ಅದು ಬರುವುದು ಒಳ್ಳೆಯದು.

ಗ್ರಂಥದ ಮತ್ತೊಂದು ಪ್ರಸಂಗವನ್ನು ಹೇಳದೆ ಮುಂದೆ ಹೋಗಲಾರೆ. ಗುಂಡಿನ ಹೊಂಡವೊಂದರಲ್ಲಿ ಅವಿತಿದ್ದ ಪಾಲನು, ಮೇಲೆ ಬಿದ್ದ ಫ್ರೆಂಚ್ ಸಿಪಾಯಿಯನ್ನು ಭಯದಿಂದ ಇರಿಯುತ್ತಾನೆ. ಆ ಮನುಷ್ಯನು ಕೂಡಲೇ ಸಾಯುವುದಿಲ್ಲ, ಗಂಟೆಗಟ್ಟಲೆ ನರಳುತ್ತಾನೆ. ಇರಿದವನೇ ಅವನಿಗೆ ನೀರು ಕುಡಿಸುತ್ತಾನೆ, ಗಾಯಕ್ಕೆ ಬಟ್ಟೆ ಕಟ್ಟುತ್ತಾನೆ. ಸತ್ತ ಮೇಲೆ ಕಿಸೆಯಲ್ಲಿ ಹೆಂಡತಿ ಮಗುವಿನ ಭಾವಚಿತ್ರಗಳೂ, ಅವನ ಹೆಸರೂ, ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವನೆಂಬ ಸಂಗತಿಯೂ ದೊರೆಯುತ್ತವೆ. ಅವನ ಮನೆಯವರಿಗೆ ಆಸರೆಯಾಗುವೆನೆಂದು ಪಾಲನು ಸತ್ತವನಿಗೆ ಮಾತು ಕೊಡುತ್ತಾನೆ. ತನ್ನ ಕಂದಕಕ್ಕೆ ಹಿಂದಿರುಗಿದ ಮೇಲೆ ಆ ಮಾತು ಮೆಲ್ಲಮೆಲ್ಲನೆ ಕರಗುತ್ತದೆ. ಸಾಮಾನ್ಯ ಕವಿಯಾಗಿದ್ದರೆ ಮಾತು ಕೊಟ್ಟಲ್ಲಿಗೆ ನಿಲ್ಲಿಸುತ್ತಿದ್ದನು. ಅದು ಕರಗಿತೆಂದೂ ಹೇಳಿದುದೇ ರೆಮಾರ್ಕನ ಪ್ರಾಮಾಣಿಕತೆ.

1931ರಲ್ಲಿ ಹೊರಬಂದ ಎರಡನೆಯ ಕಾದಂಬರಿಯ ಹೆಸರು ‘ಹಿಂದಿರುಗುವ ದಾರಿ’ ಎಂಬರ್ಥದ್ದು. ಇಂಗ್ಲಿಷಿಗೆ ತಂದವನು ಅದೇ ವೀನ್. ಸಾಯದೆ ಉಳಿದವರ ಕಥೆ ಇದು. ಎರ್ನ್ಸ್ಟ್ ಬಿರ್ಕ್‌ಹೋಲ್ಟ್ಸ್ ಮತ್ತು ಗೆಳೆಯರು ಯುದ್ಧದಿಂದ ಬಂದು ಮತ್ತೆ ಉಪಾಧ್ಯಾಯರ ಶಿಕ್ಷಣಶಾಲೆಯ ಬೆಂಚುಗಳ ಮೇಲೆ ಕುಳಿತುಕೊಳ್ಳುತ್ತಾರೆ. ಮುಖ್ಯಾಧಿಕಾರಿಯು ಮಡಿದವರನ್ನು ಕುರಿತು ಅಲಂಕಾರಯುಕ್ತವಾದ ಭಾಷಣವನ್ನು ಮಾಡಹೊರಟಾಗ, ಹಿಂದಿರುಗಿದವರು ಅದನ್ನು ಕೇಳಲು ಒಪ್ಪುವುದಿಲ್ಲ. ಒಬ್ಬನು ಆತ್ಮಹತ್ಯೆ ಮಾಡಿಕೊಳ್ಳುತ್ತಾನೆ. ಮತ್ತೊಬ್ಬನು ಹಳೆಯ ರಣಭೂಮಿಗೇ ಹೋಗಿ ಗೆಳೆಯರ ಗೋರಿಗಳ ನಡುವೆ ಗುಂಡು ಹಾರಿಸಿಕೊಳ್ಳುತ್ತಾನೆ. ಮೂರನೆಯವನು ಊರಿನಲ್ಲಿ ಕೊಲೆ ಮಾಡಿ ನ್ಯಾಯಾಲಯದಲ್ಲಿ ನಿಲ್ಲುತ್ತಾನೆ. ಕೊಲ್ಲುವುದನ್ನು ಕಲಿಸಿದವರೇ ಈಗ ಕೊಂದನೆಂದು ದಂಡಿಸುವಿರಾ ಎಂಬುದು ಅವನ ಗೆಳೆಯರ ವಾದ. ಎರ್ನ್ಸ್ಟನು ಹಳ್ಳಿಯ ಶಾಲೆಗೆ ಉಪಾಧ್ಯಾಯನಾಗಿ ಹೋಗುತ್ತಾನೆ. ಮಕ್ಕಳ ಎದುರು ನಿಂತಾಗ, ಇವರಿಗೆ ಕಲಿಸಲು ತನ್ನಲ್ಲಿರುವುದು ಕೊಲ್ಲುವ ವಿದ್ಯೆಯೊಂದೇ ಎಂದು ತೋರಿ, ಆ ಉದ್ಯೋಗವನ್ನೇ ಬಿಟ್ಟುಬಿಡುತ್ತಾನೆ. ಕಾಂಟೊರೆಕನಿಗೆ ಇಲ್ಲದಿದ್ದ ಸಂಕೋಚವು ಇವನಿಗೆ ಬಂದಿತು. ಬಂದುದರಿಂದಲೇ ಇವನು ಉಪಾಧ್ಯಾಯನಾಗಲಾರದೆ ಹೋದನು. ಎರಡು ಗ್ರಂಥಗಳನ್ನು ಒಟ್ಟಿಗೆ ಓದಿದವರಿಗೆ ಮಾತ್ರ ಈ ವಿಪರ್ಯಾಸವು ಗೋಚರವಾಗುವುದು.

ಹಿಂದಿರುಗಿದವರ ಈ ಅವಸ್ಥೆಗೆ ಆಗ ಸರಿಯಾದ ಹೆಸರೂ ಇರಲಿಲ್ಲ. 1915ರಲ್ಲಿ ಇಂಗ್ಲಿಷ್ ವೈದ್ಯರು ಅದನ್ನು ಗುಂಡಿನ ಆಘಾತವೆಂದು ಕರೆದರು. ಅನೇಕರು ಅದನ್ನು ಹೇಡಿತನವೆಂದೇ ತಿಳಿದಿದ್ದರು. ಆಘಾತಾನಂತರದ ಮನೋವ್ಯಾಧಿಯೆಂಬ ಹೆಸರು ಅಮೆರಿಕದ ಮನೋವೈದ್ಯರ ಗ್ರಂಥಕ್ಕೆ ಸೇರಿದುದು 1980ರಲ್ಲಿ. ವೈದ್ಯಶಾಸ್ತ್ರಕ್ಕಿಂತ ಅರ್ಧಶತಮಾನ ಮುಂಚೆಯೇ ಕಾದಂಬರಿಕಾರನು ರೋಗಲಕ್ಷಣಗಳನ್ನೆಲ್ಲ ಬರೆದಿಟ್ಟಿದ್ದನು.

ದೋಷಗಳನ್ನು ಮುಚ್ಚಿಡುವುದು ವಿಮರ್ಶಕನಿಗೆ ಸಲ್ಲದು. ಮೊದಲ ಗ್ರಂಥದ ಹಿರಿಯರೆಲ್ಲ ಒಂದೇ ಅಚ್ಚಿನವರು. ಕಾಂಟೊರೆಕನಿಗೂ ಒಂದು ಅಂತರಂಗವಿರಬೇಕಷ್ಟೆ. ಕವಿಯು ಅದನ್ನು ತೆರೆಯದೆ, ಮುಂದೆ ಅವನನ್ನೂ ಸೈನ್ಯಕ್ಕೆ ಸೇರಿಸಿ, ಹಳೆಯ ಶಿಷ್ಯನಿಂದ ಕವಾಯತು ಮಾಡಿಸಿ ನಗಿಸುತ್ತಾನೆ. ಆ ನಗೆಯಲ್ಲಿ ನಾನೂ ಪಾಲುಗೊಂಡೆನು. ಆದರೂ ಅದು ಸುಲಭವಾದ ನಗೆ. ಎರಡನೆಯ ಗ್ರಂಥವು ಮೊದಲನೆಯದಕ್ಕಿಂತ ಸಡಿಲ. ದುರಂತದ ಮೇಲೆ ದುರಂತವನ್ನು ಹೇರಿದುದರಿಂದ ಧ್ವನಿಯು ಕುಗ್ಗಿ, ಪಾತ್ರಗಳು ಅಲ್ಲಲ್ಲಿ ಉಪನ್ಯಾಸಕರಾಗುತ್ತಾರೆ.

ನಮ್ಮ ಮಹಾಭಾರತವನ್ನು ಇಲ್ಲಿ ನೆನೆಯದಿರಲು ನನಗೆ ಸಾಧ್ಯವಿಲ್ಲ. ಅಭಿಮನ್ಯುವಿಗೆ ವ್ಯೂಹವನ್ನು ಒಡೆದು ಒಳಹೊಗುವುದು ತಿಳಿದಿತ್ತು, ಹೊರಬರುವುದು ತಿಳಿದಿರಲಿಲ್ಲವೆಂಬುದನ್ನು ಮಕ್ಕಳೂ ಬಲ್ಲರು. ಈ ಅರಕೆಯನ್ನು ಅವನೇ ಧರ್ಮರಾಯನಿಗೆ ಹೇಳಿದನು. ‘ನೀನು ದಾರಿ ಮಾಡು, ನಿನ್ನ ಹಿಂದೆಯೇ ನಾವು ಬರುವೆವು’ ಎಂಬ ಭರವಸೆಯ ಮೇಲೆ ಹಿರಿಯರು ಅವನನ್ನು ಕಳುಹಿದರು. ಹಿಂದೆ ಬರಲು ಅವರಿಂದಾಗಲಿಲ್ಲ. ಇಷ್ಟನ್ನು ನಾನು ನೂರಾರು ಸಲ ಪಾಠ ಹೇಳಿದ್ದೇನೆ. ಆದರೆ ದ್ರೋಣಪರ್ವದಲ್ಲಿ ಅನಂತರ ಬರುವ ಧರ್ಮರಾಯನ ವಿಲಾಪವನ್ನು ಒಂದು ಸಲವೂ ವಿಸ್ತರಿಸಿ ಹೇಳಲಿಲ್ಲ. ಊಟಕ್ಕೆ, ವಾಹನಕ್ಕೆ, ಹಾಸಿಗೆಗೆ, ಆಭರಣಕ್ಕೆ ಮೊದಲು ಕರೆಯಬೇಕಾಗಿದ್ದ ಬಾಲಕನನ್ನು ಯುದ್ಧಕ್ಕೆ ಮುಂದೆ ನಿಲ್ಲಿಸಿದೆವಲ್ಲಾ ಎಂದು ಅಲ್ಲಿ ಹಿರಿಯನು ತನ್ನನ್ನು ತಾನೇ ಹಳಿದುಕೊಳ್ಳುತ್ತಾನೆ. ಯುದ್ಧಾನಂತರ ಸ್ತ್ರೀಪರ್ವವಿದೆ, ಅದರ ಮೇಲೆ ಶಾಂತಿಪರ್ವವಿದೆ. ಗೆದ್ದವನೇ ರಾಜ್ಯ ಬೇಡವೆಂದು ಕುಳಿತಾಗ ಅವನ ದುಃಖವನ್ನು ತಮ್ಮಂದಿರೂ ಮುನಿಗಳೂ ಕೇಳಿದರು. ಶರಶಯ್ಯೆಯಲ್ಲಿದ್ದ ಅಜ್ಜನು ಉತ್ತರ ಹೇಳಿದನು. ಮಹಾಭಾರತದ ಅಂಗಿರಸವು ಶಾಂತವೆಂದು ಆನಂದವರ್ಧನಾಚಾರ್ಯನು ಹೇಳಿದುದು ಸುಮ್ಮನೆ ಅಲ್ಲ. ಅಲ್ಲಿಯೂ ಸಾಮಾನ್ಯ ಪದಾತಿಯ ದುಃಖವನ್ನು ಕೇಳಿದವರು ವಿರಳವೆಂಬುದನ್ನು ಒಪ್ಪುತ್ತೇನೆ. ಆದರೆ ಹೊರಬರುವ ದಾರಿಯೊಂದು ಬೇಕೆಂಬುದನ್ನು ವ್ಯಾಸರು ಮರೆಯಲಿಲ್ಲ. ರೆಮಾರ್ಕನ ಹುಡುಗರಿಗೆ ಇಲ್ಲದೆ ಹೋದುದು ಅದೇ. ಪರಾಕ್ರಮಕ್ಕೆ ಕೊರತೆಯಿರಲಿಲ್ಲ, ಹಿಂದಿರುಗಿದ ಮೇಲೆ ‘ತಪ್ಪು ನಮ್ಮದು’ ಎಂದು ಹೇಳಿ ಕಿವಿಗೊಡುವ ಹಿರಿಯನು ಇರಲಿಲ್ಲ.

ಹಿರಿಯರು ಕಿವಿಗೊಡದುದರ ಫಲವನ್ನು ಲೋಕವು ಕಂಡಿತು. 1930ರಲ್ಲಿ ಈ ಕಥೆಯ ಚಲಚ್ಚಿತ್ರವು ಬರ್ಲಿನಿಗೆ ಬಂದಾಗ ನಾಟ್ಸಿಗಳು ಚಿತ್ರಮಂದಿರದಲ್ಲಿ ಬಿಳಿಯ ಇಲಿಗಳನ್ನು ಬಿಟ್ಟು ಪ್ರದರ್ಶನವನ್ನು ಕೆಡಿಸಿದರು. 1933ರ ಮೇ 10ರಂದು ಪುಸ್ತಕವನ್ನು ಬೆಂಕಿಗೆ ಹಾಕಿದರು. 1938ರಲ್ಲಿ ಗ್ರಂಥಕರ್ತನ ಪೌರತ್ವವನ್ನು ಕಿತ್ತುಕೊಂಡರು. ಆತನು ಅದಕ್ಕೆ ಮೊದಲೇ ದೇಶವನ್ನು ಬಿಟ್ಟಿದ್ದನು. 1943ರ ಡಿಸೆಂಬರಿನಲ್ಲಿ, ಯುದ್ಧದಲ್ಲಿ ಸೋಲುವೆವೆಂದು ನುಡಿದಳೆಂಬ ಅಪರಾಧಕ್ಕಾಗಿ, ಆತನ ತಂಗಿಯ ತಲೆಯನ್ನು ಕಡಿಸಿದರು. ಒಂದು ಪೀಳಿಗೆಯ ಮಾತನ್ನು ಕೇಳದ ದೇಶವು ಮುಂದಿನ ಪೀಳಿಗೆಯನ್ನೂ ಅದೇ ವ್ಯೂಹದೊಳಕ್ಕೆ ಕಳುಹಿತು.

ಎರಡು ಗ್ರಂಥಗಳನ್ನೂ ನಮ್ಮ ಸಂಘದ ಪುಸ್ತಕಭಂಡಾರಕ್ಕೆ ತರಿಸಬೇಕೆಂದು ಕಾರ್ಯದರ್ಶಿಗಳಲ್ಲಿ ಬಿನ್ನವಿಸುತ್ತೇನೆ. ಸೈನ್ಯಕ್ಕೆ ಹೋಗಬೇಡಿರೆಂದು ಹುಡುಗರಿಗೆ ಹೇಳುವುದಕ್ಕಾಗಿ ಅಲ್ಲ. ದೇಶಕ್ಕೆ ಕಾವಲು ಬೇಕು, ಕಾಯುವವರು ಬೇಕು. ಕಳುಹುವವರು ಮೊದಲು ಓದಲೆಂಬುದಕ್ಕಾಗಿ. ಉಪಾಧ್ಯಾಯ ಮಿತ್ರರಲ್ಲಿ ಮತ್ತೊಂದು ಬಿನ್ನಹ: ಅಭಿಮನ್ಯುವಿನ ಪರಾಕ್ರಮವನ್ನು ಪಾಠ ಹೇಳಿದ ದಿನವೇ ಧರ್ಮರಾಯನ ವಿಲಾಪವನ್ನೂ ಹೇಳಿರಿ. ನಾನು ಹೇಳದೆ ಬಿಟ್ಟೆನು.

ಕಳೆದ ಮಾಘಮಾಸದಲ್ಲಿ ನನ್ನ ಆ ಶಿಷ್ಯನನ್ನು ಕಾಣಲು ಅವನ ಹಳ್ಳಿಗೆ ಹೋಗಿದ್ದೆನು. ಈಗ ಅವನು ನಿವೃತ್ತನಾಗಿ ಬೇಸಾಯ ಮಾಡಿಕೊಂಡಿದ್ದಾನೆ. ಅಂದಿನ ಸಭೆಯ ನನ್ನ ಭಾಷಣಕ್ಕಾಗಿ ಕ್ಷಮೆ ಕೇಳಿದೆನು. ಬೇರೆ ಏನನ್ನೂ ಕೇಳಲಿಲ್ಲ. ತೋಟದ ಬದುವಿನ ಮೇಲೆ ಇಬ್ಬರೂ ಬಹಳ ಹೊತ್ತು ಕುಳಿತಿದ್ದೆವು. ಕತ್ತಲಾಗುವ ವೇಳೆಗೆ ಅವನಾಗಿಯೇ ಮಾತನಾಡಿದನು. ಅವನು ಹೇಳಿದುದು ಪತ್ರಿಕೆಯಲ್ಲಿ ಬರೆಯತಕ್ಕುದಲ್ಲ. ಬರೆಯಲೆಂದು ಅವನು ಹೇಳಲೂ ಇಲ್ಲ. ವಿಸ್ತರೇಣಾಲಂ.